ಚಂದ್ರಿಯ ತೇಗು

ಹಿಂದಿನ ಬೆಂಚಿನಲ್ಲಿ ಯಾರೋ ತೇಗಿದರು. ಭಾನುಪ್ರಿಯ ಕರಿಹಲಗೆಯ ಮೇಲೆ ಸೂರ್ಯನನ್ನು ಬರೆದು, ಅವನಿಂದ ಹೊರಟ ಗೆರೆಗಳನ್ನು ಭೂಮಿಗೆ ತಾಗಿಸಿ, ತಾಗಿದ ಶಾಖ ಮೇಲಕ್ಕೆ ಹೋಗುವಾಗ ಗಾಳಿಯ ಹೊದಿಕೆಗೆ ಸಿಕ್ಕಿಕೊಂಡು ಮತ್ತೆ ಕೆಳಕ್ಕೆ ಬಾಗುವುದನ್ನು ಬಿಡಿಸುತ್ತಿದ್ದಳು. ಸೀಮೆಸುಣ್ಣ ಅಲ್ಲೇ ನಿಂತಿತು. ಅದು ಹೊಟ್ಟೆ ತುಂಬಿದವರ ತೇಗಲ್ಲ. ಬೇಕೆಂದೇ ಗಂಟಲಿನಿಂದ ಎಳೆದು ತಂದದ್ದು, ಉದ್ದನೆಯದು, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಂಥದು. ಒಂಬತ್ತನೇ ತರಗತಿ ಪೂರ್ತಿ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿದೆ ಎಂಬುದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು. ತಿರುಗಿ ಗದರಬಹುದಿತ್ತು. ಆದರೆ ಗದರಿದರೆ ಆ ತೇಗು ತನಗೇ ಸೇರಬೇಕಾದ್ದು ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಸುಮ್ಮನಿದ್ದರೆ ಇನ್ನೊಂದು ಬರುತ್ತದೆ. ಅವಳು ತಿರುಗಿ ನಕ್ಕಳು. ನಗು ಒಂದಿಷ್ಟು ಹೆಚ್ಚೇ ಆಯಿತು, ಹಲ್ಲೆಲ್ಲ ಕಂಡವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮಿಸ್ಸಿನ ಪರವಾಗಿ ತಾನೇ ನಾಚಿಕೊಂಡವಳಂತೆ ತಲೆ ತಗ್ಗಿಸಿದಳು. ಆ ಬಗ್ಗಿದ ತಲೆಯ ಬೈತಲೆಯನ್ನು ನೋಡುತ್ತ ಭಾನುಪ್ರಿಯ ಮೀಥೇನ್ ಎಂಬ ಪದವನ್ನು ನುಂಗಿಕೊಂಡು, ‘ಇತ್ಯಾದಿ ಅನಿಲಗಳು’ ಎಂದು ಹೇಳಿ ಪಾಠ ಮುಗಿಸಿದಳು. ಶನಿವಾರದ ಬೆಳಗಿನ ಶಾಲೆ. ಗಂಟೆ ಹೊಡೆದಾಗ ಮಕ್ಕಳಿಗಿಂತ ಮುಂಚೆ ಅವಳೇ ಬಾಗಿಲು ದಾಟಿದ್ದಳು.

ಅಕ್ಕೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ರಾತ್ರಿ ಮಳೆ ಬಿದ್ದು ಬೆಳಗ್ಗೆಯೇ ಬಿಸಿಲು ಏರಿ, ರಸ್ತೆಯ ಬದಿಯ ಹೊಲಗಳಿಂದ ಹಬೆ ಏಳುತ್ತಿತ್ತು. ಈ ಹಬೆಯೂ ಒಂದು ಹೊದಿಕೆಯೇ ಎಂದುಕೊಂಡಳು. ಅಂದುಕೊಂಡ ತಕ್ಷಣ, ಇನ್ನು ಮುಂದೆ ನಾನು ಯಾವುದನ್ನೂ ಬರೀ ನೋಡಲಾರೆನೇನೋ, ನೋಡಿದ್ದೆಲ್ಲ ಭಾಷಣದ ಸಾಲಾಗುತ್ತದೇನೋ ಎಂದು ಬೇಸರವಾಯಿತು. ಭಾಷಣ. ಚನ್ನಪಟ್ಟಣದ ಆ ಸಭಾಂಗಣ, ಊಟವಾದ ಮೇಲಿನ ಹೊತ್ತು, ಮೇಲೆ ಕಿರ್ರೆನ್ನುವ ಫ್ಯಾನುಗಳು. ಪರಿಸರ ದಿನದ ಚರ್ಚಾಕೂಟ: ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯನೇ ಕಾರಣವೇ? ಹೌದೆಂದು ಹೇಳುವವಳು ಅವಳು. ಅಲ್ಲವೆಂದು ಹೇಳಲು ಮಾಗಡಿ ಕಡೆಯ ಅನಂತರಾಜು ಬಂದಿದ್ದರು. ಗುಡೇಮಾರನಹಳ್ಳಿಯವರು, ಕಾಲೇಜಿನಲ್ಲಿ ಭೂಗೋಳ ಹೇಳುವವರು, ಬಿಳಿ ಪಂಚೆ, ಮೆಲುದನಿ. ಅವರು ಎದ್ದು ನಿಂತು, ಭೂಮಿಗೆ ಜ್ವರ ಬರುವುದು ಬಿಡುವುದು ಇವತ್ತಿನದಲ್ಲ, ಮನುಷ್ಯ ಹುಟ್ಟುವ ಮೊದಲೂ ಹಿಮ ಕರಗಿದೆ, ಕಡಲು ಏರಿದೆ ಅಂದರು. ಆಮೇಲೆ ದನಿ ಇನ್ನೂ ಇಳಿಸಿ, ಹಾಗೂ ಮನುಷ್ಯನೇ ತಪ್ಪಿತಸ್ಥ ಅನ್ನುವುದಾದರೆ ಯಾವ ಮನುಷ್ಯ ಎಂದು ಕೇಳಿ, ಹೆದ್ದಾರಿಯಲ್ಲಿ ಕಾರಿಗೊಬ್ಬೊಬ್ಬನೇ ಕೂತು ಬೆಂಗಳೂರಿಗೆ ಹೋಗುವವನೋ, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನೋ ಎಂದರು. ಚಪ್ಪಾಳೆ ಬಿತ್ತು. ಅವಳ ಹತ್ತಿರ ಅಂಕಿ ಅಂಶಗಳಿದ್ದವು. ಅಂಕಿ ಹೇಳತೊಡಗಿದಾಗ ಮೊದಲ ಸಾಲಿನವರು ಆಕಳಿಸಿದರು, ಅಧ್ಯಕ್ಷರ ಕಣ್ಣು ಮುಚ್ಚುತ್ತ ತೆರೆಯುತ್ತ ಇದ್ದವು. ಆ ಮುಚ್ಚುವ ಕಣ್ಣುಗಳನ್ನು ನೋಡಿ ಅವಳೊಳಗೆ ಏನೋ ಹಟ ಎದ್ದಿತು. ಕಾಗದ ಮಡಚಿಟ್ಟಳು. ‘ನಮ್ಮನೇಲಿ ಒಂದು ಹಸು ಇದೆ. ಹೆಸರು ಚಂದ್ರಿ’ ಅಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯೊಳಗೆ ಮೇವು ಹುಳಿತು ಮೀಥೇನ್ ಆಗುವುದು ನಿಜ. ಅದು ತೇಗಿನಲ್ಲಿ ಹೊರಬರುವುದು ನಿಜ. ಕಾರಿನ ಹೊಗೆಗಿಂತ ಹೆಚ್ಚು ಶಾಖ ಹಿಡಿದಿಡುವ ಅನಿಲ ಅದು ಎಂಬುದೂ ನಿಜ. ಒಣಹುಲ್ಲು ತಿಂದರೆ ಹೆಚ್ಚು, ಹಸಿ ಮೇವು ತಿಂದರೆ ಕಡಿಮೆ ಎಂದದ್ದೂ ಪುಸ್ತಕದಲ್ಲಿದ್ದದ್ದೇ. ಆದರೆ ಅಷ್ಟಕ್ಕೆ ಸಭೆ ಎಚ್ಚರವಾಗಲಿಲ್ಲ, ಬರೀ ಕಣ್ಣು ಬಿಟ್ಟಿತು. ಆಗ ಅವಳು ಅತ್ತೆಯ ದನಿ ತೆಗೆದಳು. ಸಿದ್ದಮ್ಮ ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಆಡುವ ಮಾತು, ಮುಂದಿನ ಹಲ್ಲು ಹೋದ ಸಂದಿಯಿಂದ ಹೊರಡುವ ಶಿಳ್ಳೆಯಂಥ ಸದ್ದು ಸಮೇತ: ‘ಉಂಡ್ಯಾ ನನ್ನವ್ವಾ? ತೇಗು, ತೇಗು, ತೇಗುದ್ರಲ್ವಾ ಉಂಡಿದ್ದು ಮೈಗತ್ತೋದು?’ ಸಭೆ ಗೊಳ್ಳೆಂದಿತು. ಅಧ್ಯಕ್ಷರು ಮೇಜು ಕುಟ್ಟಿದರು. ಅನಂತರಾಜು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆ ನಗು ಬಂದು ಮೈಗೆ ತಾಗಿದ್ದು ಅವಳಿಗೆ ಇನ್ನೂ ನೆನಪಿದೆ, ಬೆಚ್ಚಗಿತ್ತು, ಇನ್ನೊಮ್ಮೆ ಬೇಕೆನ್ನಿಸಿತ್ತು, ಇನ್ನೊಮ್ಮೆ ಆ ದನಿ ತೆಗೆದಿದ್ದಳು. ಸಣ್ಣ ರೈತರ ಹಸುಗಳ ಪಾಲು ಎಷ್ಟು ಕಡಿಮೆ, ದೊಡ್ಡ ಪಾಲು ಯಾರದು, ಏನು ಮಾಡಬಹುದು ಎಂದು ಆಮೇಲೆ ಹೇಳಿದ್ದೆಲ್ಲ ಯಾರಿಗೂ ಬೇಕಾಗಲಿಲ್ಲ. ಯಾರೋ ಫೋನಿನಲ್ಲಿ ಹಿಡಿದ ತುಣುಕಿನಲ್ಲಿ ಉಳಿದದ್ದು ಚಂದ್ರಿ, ಅತ್ತೆಯ ದನಿ, ಒಣಹುಲ್ಲು ಹಸಿಮೇವು, ಸಭೆಯ ನಗು. ಅದು ರಾಮನಗರದಿಂದ ಕನಕಪುರದವರೆಗೂ ಫೋನಿಂದ ಫೋನಿಗೆ ಹಾರಿತು. ಹಸು ಸಾಕುವವರಿಗೆ ತೆರಿಗೆ ಹಾಕುತ್ತಾರಂತೆ ಎಂಬುದು ಅದಕ್ಕೆ ದಾರಿಯಲ್ಲಿ ಅಂಟಿಕೊಂಡಿತು.

ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಅದನ್ನು ಯಾರೋ ಸಿದ್ದಮ್ಮನಿಗೆ ತೋರಿಸಿದ್ದರು. ಅವತ್ತು ಅವಳು ಮನೆಗೆ ಬಂದು ಖಾಲಿ ಕ್ಯಾನನ್ನು ಬಚ್ಚಲ ಕಟ್ಟೆಯ ಮೇಲೆ ಕವುಚಿಟ್ಟು, ಕೈ ತೊಳೆದು, ಒಂದು ಮಾತೂ ಆಡದೆ ಅಕ್ಕಿ ಆರಿಸಲು ಕೂತಳು. ಭಾನುಪ್ರಿಯ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಕಾಫಿ ಎಂದಿನಂತೆ ಬಂತು, ಮುದ್ದೆ ಎಂದಿನಂತೆ ತಟ್ಟೆಗೆ ಬಿತ್ತು. ಕೊಟ್ಟಿಗೆಯಲ್ಲಿ ಮಾತ್ರ ಮಾತು ನಿಂತುಹೋಯಿತು. ಮದುವೆಯಾಗಿ ಬಂದಾಗಿನಿಂದ ಭಾನುಪ್ರಿಯಳ ಬೆಳಗುಗಳು ಆ ಮಾತಿನಿಂದಲೇ ಶುರುವಾಗುತ್ತಿದ್ದವು. ಗೋಡೆಯ ಆಚೆಯಿಂದ, ಹಾಲು ತಂಬಿಗೆಗೆ ಬೀಳುವ ಸದ್ದಿನ ಜೊತೆ, ಊರಿನ ಸುದ್ದಿ, ಬೀಗರ ಮೇಲಿನ ದೂರು, ಮಳೆಯ ಲೆಕ್ಕಾಚಾರ ಎಲ್ಲವನ್ನೂ ಸಿದ್ದಮ್ಮ ಚಂದ್ರಿಯ ಕಿವಿಗೆ ಹಾಕುತ್ತಿದ್ದಳು. ಕನಕಪುರದ ಪೇಟೆಯಲ್ಲಿ ಬೆಳೆದ ಹುಡುಗಿಗೆ ಮೊದಮೊದಲು ಅದು ಹುಚ್ಚಿನಂತೆ ಕಂಡು, ಆಮೇಲೆ ಅದಿಲ್ಲದೆ ಎಚ್ಚರವೇ ಆಗದ ಹಾಗಾಗಿತ್ತು. ಈಗ ಬರೀ ಹಾಲಿನ ಸದ್ದು. ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ನೋಡಿದ್ದಳು: ಅತ್ತೆಯ ತುಟಿ ಏನನ್ನೋ ಹೇಳಲು ತೆರೆದುಕೊಂಡಿತು, ಸೊಸೆ ನಿಂತಿರುವುದು ಕಂಡು ಹಾಗೇ ಮುಚ್ಚಿಕೊಂಡಿತು. ಗಂಡ ಜಯಕುಮಾರ್ ಎಲ್ಲವನ್ನೂ ನಗೆಯಾಡಿ ತಳ್ಳಿಹಾಕುವವನು. ‘ಬುಡು, ನಾಕು ದಿನ ಆದ್ರೆ ಜನ ಮರ್ತೋಯ್ತರೆ’ ಅಂದ. ಜನ ಮರೆಯುವುದು ಅವಳಿಗೆ ಬೇಕಿರಲಿಲ್ಲ. ಒಬ್ಬ ಮುದುಕಿಗೆ ಅವಳ ದನಿಯ ಮೇಲೆಯೇ ನಾಚಿಕೆ ಹುಟ್ಟಿಸಿಬಿಟ್ಟೆನಲ್ಲ ಎಂಬುದು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದಳು. ಕೇಳುವಾಗ ತನ್ನ ಬಾಯಿಂದ ಆ ಶಿಳ್ಳೆಯ ದನಿಯೇ ಎಲ್ಲಿ ಹೊರಟುಬಿಡುತ್ತದೋ ಎಂಬ ಅರ್ಥವಿಲ್ಲದ ಹೆದರಿಕೆ ತಡೆಯುತ್ತಿತ್ತು.

ಬಸ್ಸಿಳಿದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಬರುವಾಗ ಕರಿಯಯ್ಯನ ಕುರಿ ಮಂದೆ ಎದುರಾಯಿತು. ಕರಿಯಯ್ಯ ಅವರ ಮನೆಯ ಹಿಂದಿನ ಬೀದಿಯವನು. ಹೆಗಲಿಗೆ ಅಡ್ಡ ಕೋಲು, ಕೋಲಿನ ಮೇಲೆ ಎರಡೂ ಕೈ.

‘ಏನ್ ಮೇಡಮ್ಮಾರೆ, ಸ್ಕೂಲ್ ಬುಡ್ತಾ? ಅಲ್ಲಾ, ಒಂದ್ ಮಾತು ಕೇಳ್ತೀನಿ. ನಮ್ಮ ಕುರಿಗಳೂ ತೇಗ್ತವಲ್ಲ, ಅವ್ಕೂ ಏನಾರ ಕೇಸಾಯ್ತದಾ?’

‘ತೇಗ್ತವೆ ಕಣ್ ಕರಿಯಣ್ಣ. ಹಸುವಿನಷ್ಟಲ್ಲ.’

‘ಬದುಕ್ದೆ ಬುಡಿ’ ಎಂದು ಅವನು ನಕ್ಕು, ಒಂದು ಮರಿಯನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಕೆಟ್ಟದ್ದಿದ್ದರೆ ಜಗಳವಾಡಬಹುದು. ಎಲ್ಲರೂ ಇಷ್ಟು ಸಲೀಸಾಗಿ ನಗುತ್ತಿರುವಾಗ ತಾನೊಬ್ಬಳೇ ಒಳಗೆ ಹುಳಿಯುತ್ತ ಇರುವುದು ಸೊಕ್ಕೇ ಇರಬೇಕು ಅನ್ನಿಸಿತು. ಮಂದೆ ದಾಟಿಹೋಗುವವರೆಗೆ ಬದುವಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತಂತೆ ನಿಂತಿದ್ದು, ಮನೆಯ ತಿರುವಿಗೆ ಬಂದಾಗ ಕೊಟ್ಟಿಗೆಯ ಕಡೆಯಿಂದ ಅತ್ತೆಯ ದನಿ ಕೇಳಿಸಿತು. ‘ಚಂದ್ರೀ, ನನ್ನವ್ವಾ, ಚಂದ್ರೀ.’ ಭಾನುಪ್ರಿಯ ಅಲ್ಲೇ ನಿಂತುಬಿಟ್ಟಳು. ಮಾತಾಡುತ್ತಿದ್ದಾಳೆ. ಮತ್ತೆ ಮಾತಾಡುತ್ತಿದ್ದಾಳೆ. ಎದೆಯಲ್ಲಿ ಏನೋ ಸಡಿಲವಾಗಿ, ಮುಖ ತನಗೆ ತಾನೇ ಅರಳಿತು. ತಾನು ಬಂದದ್ದು ಗೊತ್ತಾದರೆ ಮಾತು ನಿಂತೀತೆಂದು ಚಪ್ಪಲಿಯ ಸದ್ದಾಗದಂತೆ ಇನ್ನೊಂದಿಷ್ಟು ಹತ್ತಿರ ಹೋದಳು. ಆಮೇಲೆ ತಿಳಿಯಿತು, ಅದು ಮಾತಲ್ಲ, ಕೂಗು.

ಹಸು ಕಾಲು ಅಗಲಿಸಿ ನಿಂತು ಕತ್ತು ಮುಂದಕ್ಕೆ ಚಾಚಿತ್ತು. ನಾಲಿಗೆ ಹೊರಗೆ, ಬಾಯಿಂದ ಜೊಲ್ಲು. ಎಡಗಡೆಯ ಹೊಟ್ಟೆ ಬೆನ್ನಿನ ಮಟ್ಟಕ್ಕೂ ಮೇಲೆ ಉಬ್ಬಿ, ಕೂದಲು ಬಿಗಿದು, ಬಿಸಿಲಿಗೆ ಮಿರುಗುತ್ತಿತ್ತು. ಸಿದ್ದಮ್ಮ ಅದರ ಕತ್ತನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದಿದ್ದಳು. ತಲೆಯ ಸೆರಗು ಜಾರಿತ್ತು.

‘ಭಾನಾ, ಬಂದ್ಯಾ! ನೋಡು ಮಗ, ಮಲ್ಗೋಕೋಯ್ತದೆ, ಮಲ್ಗುದ್ರೆ ಓಯ್ತು ಕಣೆ.’

ಭಾನುಪ್ರಿಯ ಬ್ಯಾಗನ್ನು ಎಲ್ಲಿ ಎಸೆದಳೋ ಗೊತ್ತಿಲ್ಲ. ಉಬ್ಬಿದ ಜಾಗಕ್ಕೆ ಕೈಯಿಟ್ಟು ತಟ್ಟಿದಳು. ಡೊಳ್ಳಿನ ಸದ್ದು. ಒಳಗೆ ಇರುವುದೇನೆಂದು ಅವಳಿಗೆ ಗೊತ್ತಿತ್ತು. ವೇದಿಕೆಯ ಮೇಲೆ ಅದರ ಹೆಸರನ್ನು ಎಷ್ಟು ಸಲ ಹೇಳಿದ್ದಳು. ‘ಏನ್ ತಿನ್ಸಿದ್ರಿ ಅತ್ತೆ?’

‘ಅಲಸಂದೆ ಬಳ್ಳಿ. ಬೆಳಗ್ಗೆ ಕುಯ್ಕಂಡ್ ಬಂದಿದ್ದು.’

‘ಮಳೇಲಿ ನೆಂದಿದ್ದಾ? ಬರೀ ಬಳ್ಳೀನಾ? ಹುಲ್ಲು?’

ಸಿದ್ದಮ್ಮ ಹಸುವಿನ ಕಿವಿಯ ಹಿಂದೆ ಮುಖ ಮರೆಮಾಡಿಕೊಂಡಳು. ಆಮೇಲೆ ಅಲ್ಲಿಂದಲೇ ಅವಳ ದನಿ ಬಂತು. ‘ವುಲ್ಲು ನಿಲ್ಲಿಸ್ಬುಟ್ಟಿದ್ದೆ ಕಣವ್ವ. ನೀನೇ ಯೋಳಿದ್ಯಲ್ಲ ಆ ಫೋನ್ನಲ್ಲಿ. ಒಣಗಿದ್ದು ತಿಂದ್ರೆ ಜಾಸ್ತಿ ತೇಗ್ತವೆ, ಅಸೀದು ತಿಂದ್ರೆ ಕಮ್ಮಿ ಅಂತ. ಡೈರಿ ತಾವ ಎಲ್ರೂ ಆಡ್ಕಳೋರು, ಊರಿಗೆಲ್ಲ ಬುದ್ಧಿ ಯೋಳ್ತಾಳೆ ನಿನ್ನ ಸೊಸೆ, ಮನೆ ಅಸ ನೋಡುದ್ರೆ ತೇಗ್ತಾನೆ ಅದೆ ಅಂತ. ಅದ್ಕೇಯ ದಿನಾ ಒಸಿ ಒಸಿ ಕಮ್ಮಿ ಮಾಡ್ದೆ. ಇವತ್ತು ಬೆಳಗ್ಗಿಂದ ಒಂದ್ ಸಲಾನೂ ತೇಗ್ಲಿಲ್ಲ. ನಾನು ಕುಸಿಯಾಗಿ ಕುಂತಿದ್ದೆ. ನೀನು ಬಂದ್ಮ್ಯಾಕೆ ಯೋಳಾನ ಅಂತಿದ್ದೆ.’

ಭಾನುಪ್ರಿಯಳ ಕೈ ಹಸುವಿನ ಹೊಟ್ಟೆಯ ಮೇಲೆಯೇ ಇತ್ತು. ಆ ಮಾತು ಕೇಳಿದಾಗ ಅವಳಿಗೆ ಮೊದಲು ಅನ್ನಿಸಿದ್ದು ದುಃಖವಲ್ಲ. ಒಂದು ಬಗೆಯ ತಲೆಸುತ್ತು. ಇಷ್ಟು ದಿನ ಅವಳು ಸಿಟ್ಟೆಂದು, ನಾಚಿಕೆಯೆಂದು ಓದಿಕೊಂಡಿದ್ದ ಮೌನದ ಒಳಗೆ ಒಬ್ಬ ಹೆಂಗಸು ದಿನಾ ಬೆಳಗ್ಗೆ ಹೊಲಕ್ಕೆ ಹೋಗಿ ಹಸಿ ಬಳ್ಳಿ ಕುಯ್ಯುತ್ತಿದ್ದಳು. ಇಡೀ ಸಭಾಂಗಣದಲ್ಲಿ ಯಾರೂ ಕೇಳಿಸಿಕೊಳ್ಳದ ಮಾತನ್ನು, ಅವಮಾನದ ಜೊತೆಗೇ ಬಂದ ಮಾತನ್ನು, ಒಬ್ಬಳು ಮಾತ್ರ ಕೇಳಿಸಿಕೊಂಡಿದ್ದಳು. ಅದರ ಪ್ರಕಾರ ನಡೆದಿದ್ದಳು. ಅದು ಈಗ ಇಲ್ಲಿ ಉಬ್ಬಿಕೊಂಡು ನಿಂತಿದೆ. ಹಸು ಮುಂಗಾಲು ಮಡಚಲು ನೋಡಿತು. ಇಬ್ಬರೂ ಒಟ್ಟಿಗೆ ಕಿರುಚಿ ಅದನ್ನು ಎತ್ತಿ ಹಿಡಿದರು.

ಪಶುವೈದ್ಯೆ ದಿಲ್ಶಾದ್ ಫೋನಿಗೆ ಸಿಕ್ಕಿದರು. ಎಲ್ಲೋ ದೂರದ ಹಳ್ಳಿಯಲ್ಲಿ ಒಂದು ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತು, ಅದನ್ನು ಬಿಟ್ಟು ಬರುವ ಹಾಗಿರಲಿಲ್ಲ. ‘ಎಡಗಡೆನಾ ಉಬ್ಬಿರೋದು? ನಿಂತಿದೆ ತಾನೆ? ನಿಂತಿದ್ರೆ ಟೈಮಿದೆ ಮೇಡಂ, ಹೆದರ್ಬೇಡಿ. ಮುಂಗಾಲು ಎತ್ತರಕ್ಕೆ ಬರೋ ಹಾಗೆ ದಿಬ್ಬದ ಮೇಲೆ ನಿಲ್ಲಿಸಿ. ಅಡಿಗೆ ಎಣ್ಣೆ ಇದ್ಯಲ್ಲ, ಅದನ್ನ ಗೊಟ್ಟದಲ್ಲಿ ಹಾಕಿ ನಿಧಾನಕ್ಕೆ ಕುಡಿಸಿ. ತಲೆ ಜಾಸ್ತಿ ಎತ್ಬೇಡಿ, ಕೆಮ್ಮಿದ್ರೆ ಬಿಟ್ಬಿಡಿ, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ. ಬಾಯಿಗೆ ಅಡ್ಡ ಒಂದು ಕಡ್ಡಿ ಕಟ್ಟಿ, ಅಗೀತಾ ಇರ್ಲಿ. ಹೊಟ್ಟೆ ತಿಕ್ಕಿ. ಮಲಗೋಕೆ ಮಾತ್ರ ಬಿಡ್ಬೇಡಿ. ನಾನು ಹೊರಟೆ ಅಂತಲೇ ತಿಳ್ಕೊಳ್ಳಿ.’

ಕೊಟ್ಟಿಗೆಯ ಮುಂದಿನ ಗೊಬ್ಬರದ ದಿಬ್ಬಕ್ಕೆ ಅದನ್ನು ಎಳೆಯುವುದು ಇಬ್ಬರಿಂದ ಆಗಲಿಲ್ಲ. ಕೂಗಿಗೆ ಕರಿಯಯ್ಯ ಓಡಿಬಂದ; ಹಿಂದೆಯೇ ಬಂದ ಕುರಿಗಳು ಹಿತ್ತಲ ತುಂಬ ಚೆದುರಿದವು. ಅವನು ಹಿಂದಿನಿಂದ ಹೆಗಲು ಕೊಟ್ಟು ನೂಕಿದ. ಸಿದ್ದಮ್ಮ ಬೇವಿನ ಕಡ್ಡಿ ಮುರಿದು ಬಾಯಿಗೆ ಅಡ್ಡ ಇಟ್ಟು ಕೊಂಬಿಗೆ ಹಗ್ಗ ಬಿಗಿದಳು. ಭಾನುಪ್ರಿಯ ಅಡಿಗೆಮನೆಯಿಂದ ಎಣ್ಣೆಯ ಡಬ್ಬಿಯನ್ನೇ ತಂದು, ಬಿದಿರಿನ ಗೊಟ್ಟಕ್ಕೆ ಸುರಿದು, ಹಸುವಿನ ಬಾಯಿಯ ಪಕ್ಕದ ಸಂದಿಗೆ ಇಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಅವಳ ಸೀರೆಯ ಮೇಲೆ, ತೋಳಿನ ಮೇಲೆ, ಗಡಿಯಾರದೊಳಗೆ ಇಳಿಯಿತು. ಕೆಮ್ಮಿತು. ಬಿಟ್ಟಳು. ಮತ್ತೆ ಇಟ್ಟಳು. ಹಸುವಿನ ಕಣ್ಣು ಇಷ್ಟು ಹತ್ತಿರದಿಂದ ಅವಳು ನೋಡಿರಲೇ ಇಲ್ಲ. ಅದರ ಬಿಳಿಯಲ್ಲಿ ಕೆಂಪು ಎಳೆಗಳು, ಕರಿ ಭಾಗದಲ್ಲಿ ಬಾಗಿದ ಆಕಾಶ, ಆಕಾಶದ ಕೆಳಗೆ ಎಣ್ಣೆ ಹಿಡಿದ ತಾನು. ಇದನ್ನು ನಾನು ಹೆಸರು ಹಿಡಿದು ಕರೆದು ಜನಕ್ಕೆ ತೋರಿಸಿದ್ದೆ. ತೋರಿಸುವಾಗ ಇದರ ಕಣ್ಣು ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಹೊಟ್ಟೆ ಇಳಿಯಲಿಲ್ಲ. ಉಸಿರು ಗೊರಗೊರ ಎನ್ನತೊಡಗಿತು. ಕರಿಯಯ್ಯ ಬೆವರು ಒರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತ. ‘ಇದು ಆಗಾಕಿಲ್ಲ ಸಿದ್ದವ್ವ. ಮಚ್ಚೋ ಚಾಕೋ ಕೊಡು, ಇಲ್ಲಿ ಚುಚ್ಬುಡಾನ. ಗಾಳಿ ಓಗ್ಲಿ. ಒಂದ್ಸಲ ನಮ್ಮ ಟಗರಿಗೆ ಇಂಗೇ ಮಾಡಿದ್ದೆ.’

‘ಟಗರು ಉಳೀತಾ?’ ಭಾನುಪ್ರಿಯ ಕೇಳಿದಳು.

ಕರಿಯಯ್ಯ ನೆಲ ನೋಡಿದ. ‘ಇಲ್ಲ.’

ಸಿದ್ದಮ್ಮ ಹಗ್ಗ ಹಿಡಿದವಳು ಸೊಸೆಯ ಮುಖ ನೋಡಿದಳು. ‘ನೀನೇ ಯೋಳು ಭಾನಾ. ಏನ್ ಮಾಡಾನ?’ ಆ ಕೇಳುವಿಕೆಯಲ್ಲಿ ಚುಚ್ಚು ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಇಷ್ಟಾದ ಮೇಲೂ, ಅವಳ ಮಾತು ಕೇಳಿ ಹೀಗಾದ ಮೇಲೂ, ಮತ್ತೆ ಅವಳ ಮಾತನ್ನೇ ಕೇಳುತ್ತಿದ್ದಳು. ಭಾನುಪ್ರಿಯ ಹಸುವಿನ ಹೊಟ್ಟೆಗೆ ಮತ್ತೆ ಕೈಯಿಟ್ಟಳು. ‘ನಂಗೂ ಪೂರ್ತಿ ಗೊತ್ತಿಲ್ಲ ಅತ್ತೆ. ಆದ್ರೆ ಡಾಕ್ಟ್ರು ನಿಂತಿದ್ರೆ ಟೈಮಿದೆ ಅಂದ್ರು. ನಿಂತಿದೆಯಲ್ಲ. ಚುಚ್ಚೋದ್ ಬೇಡ. ತಿಕ್ಕೋಣ.’ ಹೇಳಿದ ಮೇಲೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಗೊತ್ತಿಲ್ಲ ಎಂಬ ಮಾತನ್ನು ಅವಳು ಯಾರ ಮುಂದೆಯೂ ಇಷ್ಟು ಸಲೀಸಾಗಿ ಆಡಿರಲಿಲ್ಲ.

ತಿಕ್ಕಿದರು. ಅವಳು ಎರಡೂ ಮುಷ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಒತ್ತುತ್ತಿದ್ದಳು, ಕರಿಯಯ್ಯ ಬಾಲದ ಕಡೆಯಿಂದ ತಡೆದು ನಿಂತಿದ್ದ, ಸಿದ್ದಮ್ಮ ಹಸುವಿನ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದಳು. ಯಾರು ಕೇಳುತ್ತಾರೆಂಬ ಎಚ್ಚರ ಅವಳಿಗೆ ಇರಲಿಲ್ಲ. ‘ತೇಗು ನನ್ನವ್ವಾ. ತೇಗೇ. ಯಾರೇನಾರ ಅನ್ಕಳ್ಲಿ. ನಾನಿವ್ನಿ, ತೇಗೇ ನಮ್ಮಮ್ಮಾ.’ ಆ ಶಿಳ್ಳೆ, ಆ ಎಳೆತ, ಎಲ್ಲ ಇತ್ತು. ಆದರೆ ಭಾನುಪ್ರಿಯ ವೇದಿಕೆಯ ಮೇಲೆ ತೆಗೆದ ದನಿಗೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಮುಷ್ಟಿ ಒತ್ತುತ್ತ ಒತ್ತುತ್ತ ತಾನೂ ಅದನ್ನೇ ಹೇಳುತ್ತಿರುವುದು ಅವಳಿಗೆ ತಡವಾಗಿ ಗೊತ್ತಾಯಿತು. ತೇಗು, ಚಂದ್ರಿ. ತೇಗು. ಕರಿಯಯ್ಯನೂ ಹೇಳುತ್ತಿದ್ದ. ಮೂವರು ದೊಡ್ಡವರು ಒಂದು ಹಸುವಿನ ಸುತ್ತ ನಿಂತು ಅದನ್ನು ತೇಗೆಂದು ಬೇಡಿಕೊಳ್ಳುತ್ತಿದ್ದರು, ಯಾರೂ ನಗುತ್ತಿರಲಿಲ್ಲ.

ಮೊದಲು ಕೈಯ ಕೆಳಗೆ ಏನೋ ಗುಡುಗಿತು. ಕತ್ತಿನ ಉದ್ದಕ್ಕೂ ಒಂದು ಉಂಡೆ ಮೇಲಕ್ಕೆ ಓಡಿದ್ದು ಕಂಡಿತು. ಚಂದ್ರಿ ಕಡ್ಡಿ ಕಚ್ಚಿದ ಬಾಯಿಯನ್ನು ಇನ್ನೂ ಅಗಲಿಸಿತು, ನಾಲಿಗೆ ಹೊರಳಿತು, ನೊರೆಯ ಜೊತೆ ಸಣ್ಣದೊಂದು ಸದ್ದು ಬಂತು. ಅಷ್ಟೇ ಅಂದುಕೊಂಡರು. ಆಮೇಲೆ ಬಂತು ನೋಡಿ, ಹಳೆಯ ಬಾಗಿಲು ತೆರೆದಂತೆ, ದಪ್ಪನೆಯ, ಮುಗಿಯದ ತೇಗು. ಹುಳಿತ ಸೊಪ್ಪಿನ ಬೆಚ್ಚನೆಯ ವಾಸನೆ ಮೂವರ ಮುಖಕ್ಕೂ ಹೊಡೆಯಿತು. ನಿಂತು, ಮತ್ತೊಂದು. ಆಮೇಲೆ ಒಂದರ ಹಿಂದೆ ಒಂದು. ಮುಷ್ಟಿಯ ಕೆಳಗೆ ಹೊಟ್ಟೆ ಮೆತ್ತಗಾಗುತ್ತ ಒಳಕ್ಕೆ ಹೋಗುವುದು ಭಾನುಪ್ರಿಯಳಿಗೆ ತಿಳಿಯುತ್ತಿತ್ತು. ತನ್ನ ಹೊಟ್ಟೆಯೇ ಇಳಿಯುತ್ತಿರುವಂತೆ. ‘ಬಂತು, ಬಂತು ಕಣೆ’ ಎಂದು ಸಿದ್ದಮ್ಮ ಗೊಬ್ಬರದ ದಿಬ್ಬದ ಮೇಲೆ ಕುಸಿದು ಕೂತಳು. ಕರಿಯಯ್ಯ ಇದ್ದಕ್ಕಿದ್ದಂತೆ ಕುರಿಗಳ ನೆನಪಾಗಿ ಬೈಯುತ್ತ ಹಿತ್ತಲ ಕಡೆ ಓಡಿದ. ಭಾನುಪ್ರಿಯ ಹಸುವಿನ ಬೆನ್ನಿಗೆ ಕೆನ್ನೆ ಆನಿಸಿ ನಿಂತಳು. ಹೊರಟ ಗಾಳಿ ಈಗ ಎಲ್ಲಿದೆ ಎಂದು ಅವಳಿಗೆ ಗೊತ್ತು. ಮೇಲೆ ಹೋಗುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಅದರ ಪಾಲಿನ ಶಾಖ ಹಿಡಿದಿಡುತ್ತದೆ. ಅವಳು ಹೇಳಿದ್ದೆಲ್ಲ ಇನ್ನೂ ನಿಜವೇ. ಆ ನಿಜ ತಿಳಿದಿದ್ದೂ ಇಷ್ಟು ಖುಷಿಯಾಗಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಹೋಗಲಿ, ಪೂರ್ತಿ ಹೋಗಲಿ ಎಂದುಕೊಂಡಳು.

ದಿಲ್ಶಾದ್ ಬಂದಾಗ ಚಂದ್ರಿ ನೆರಳಿಗೆ ಬಂದು ನಿಂತಿತ್ತು. ತೋಳಿನವರೆಗೆ ಒಣಗಿದ ರಕ್ತ, ದುಪಟ್ಟಾ ಸೊಂಟಕ್ಕೆ ಕಟ್ಟಿದ್ದರು. ಎಮ್ಮೆಗೆ ಹೆಣ್ಣುಗರು ಅಂದರು. ಹೊಟ್ಟೆ ತಟ್ಟಿ, ಕಿವಿಗೊಟ್ಟು ಕೇಳಿ, ಒಂದು ಸೂಜಿ ಚುಚ್ಚಿ, ಇವತ್ತು ಏನೂ ಹಾಕಬೇಡಿ, ನಾಳೆಯಿಂದ ಮೊದಲು ಹುಲ್ಲು, ಆಮೇಲೆ ಬಾಡಿಸಿದ ಬಳ್ಳಿ, ಅದೂ ಸ್ವಲ್ಪ ಅಂದರು. ಕೈ ತೊಳೆಯುವಾಗ ಭಾನುಪ್ರಿಯಳನ್ನು ಓರೆಯಾಗಿ ನೋಡಿ, ‘ಆ ವಿಡಿಯೋ ಮೇಡಂ ನೀವೇ ಅಲ್ವಾ?’ ಎಂದರು. ಭಾನುಪ್ರಿಯಳ ಕಿವಿ ಬಿಸಿಯಾಯಿತು. ಹೌದೆಂದಳು.

‘ನೀವು ಹೇಳಿದ್ದು ಸರಿಯಾಗೇ ಇತ್ತು. ಮೇವು ಬದಲಾಯಿಸಿದ್ರೆ ಕಮ್ಮಿ ಆಗುತ್ತೆ. ನಿಧಾನಕ್ಕೆ ಬದಲಾಯಿಸಬೇಕು ಅಷ್ಟೇ. ಹಸು ತೇಗಿದ್ರೆ ನಿಮಗೆ ಚಿಂತೆ, ತೇಗದಿದ್ರೆ ನನಗೆ ಕೆಲಸ.’ ದಿಲ್ಶಾದ್ ನಕ್ಕು ಸ್ಕೂಟರ್ ಏರಿದರು. ಆ ನಗುವಿಗೆ ಭಾನುಪ್ರಿಯಳೂ ನಕ್ಕಳು. ಈ ಸಲ ನಗು ಅಳತೆ ಮೀರಲಿಲ್ಲ.

ಜಗಲಿಯ ಮೇಲೆ ಅತ್ತೆ ಸೊಸೆ ಇಬ್ಬರೂ ಗೋಡೆಗೊರಗಿ ಕೂತರು. ಸೀರೆಗಳಿಂದ ಎಣ್ಣೆಯ, ಸಗಣಿಯ ವಾಸನೆ. ಹೇಳಬೇಕಾದದ್ದನ್ನು ಭಾನುಪ್ರಿಯ ಇಷ್ಟು ದಿನ ಎಷ್ಟೋ ಬಗೆಯಲ್ಲಿ ಜೋಡಿಸಿಟ್ಟಿದ್ದಳು, ಒಂದೂ ನೆನಪಾಗಲಿಲ್ಲ. ‘ಅತ್ತೆ, ನಾನು ಅವತ್ತು ಅಲ್ಲಿ ನಿಮ್ಮ ಹಾಗೆ ಮಾತಾಡಿದ್ದು…’

‘ನೋಡ್ದೆ ಬುಡು.’ ಸಿದ್ದಮ್ಮ ಎದುರಿನ ಹುಣಸೆ ಮರವನ್ನೇ ನೋಡುತ್ತಿದ್ದಳು. ‘ಮೊದ್ಲು ಸಿಟ್ಟು ಬಂತು. ಯೋಳ್ಬುಡ್ತೀನಿ, ಬಾಳಾ ಸಿಟ್ಟು ಬಂತು. ಮನೆಗೋಗಿ ಅವ್ಳ ಮೊಕಕ್ಕೇ ಯೋಳ್ಬೇಕು ಅನ್ಕಂಡೇ ಬಂದೆ. ಆಮೇಕೆ ನಾಚ್ಕೆ ಆಯ್ತು. ಅಸಿನ್ ತಾವ ಮಾತಾಡೋಕೋದ್ರೆ ಯಾರೋ ಫೋನ್ ಇಡ್ಕಂಡು ನಿಂತವ್ರೆ ಅನ್ಸೋದು.’

‘ತಪ್ಪಾಯ್ತು ಅತ್ತೆ.’

‘ತಪ್ಪೇಯ. ಅಂಗೆ ರಾಗ ಎಳೀತೀನಾ ನಾನು?’ ಎಂದವಳು ತಿರುಗಿ ಕೂತು, ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಒಂದು ಕೈಯಲ್ಲಿ ಇಲ್ಲದ ಮೈಕನ್ನು ಹಿಡಿದಳು. ಗದ್ದ ಮೇಲೆತ್ತಿ, ಮೂಗಿನಿಂದ, ಪುಸ್ತಕದ ಕನ್ನಡದಲ್ಲಿ, ‘ಮಾನ್ಯ ಅಧ್ಯಕ್ಸರೇ! ನಮ್ಮ ಮನೆಯಲ್ಲಿ ಒಂದು ಅಸು ಇದೆಯ್!’ ಅಂದಳು. ಹುಬ್ಬು ಕೊಂಕಿಸಿ ಸಭೆಯನ್ನು ಎಡಗಡೆಯಿಂದ ಬಲಗಡೆಗೆ ನೋಡುವ ಆ ನೋಟ ಭಾನುಪ್ರಿಯಳದೇ. ತಾನು ಹಾಗೆ ನೋಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಒಂದು ಕ್ಷಣ ಮುಖಕ್ಕೆ ಹೊಡೆದಂತಾಯಿತು. ಮರುಕ್ಷಣ ಹೊಟ್ಟೆಯ ಆಳದಿಂದ ನಗು ಎದ್ದು, ತಡೆಯಲಾರದೆ, ಗೋಡೆಗೆ ತಲೆ ತಗುಲಿಸಿಕೊಂಡು ನಕ್ಕಳು. ಸಿದ್ದಮ್ಮ ಇನ್ನೊಂದು ಸಲ ಮೈಕು ಹಿಡಿದಳು, ಆಗದೆ ತಾನೂ ನಕ್ಕಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋದರೆ ಕೈಯ ಎಣ್ಣೆ ಕಣ್ಣಿಗೆ ತಾಗಿ ಇನ್ನೂ ನೀರು ಬಂತು.

ಆಗ ಹಸಿವು ಗೊತ್ತಾಯಿತು. ಕೆಲವು ದಿನಗಳಿಂದ ಅವಳು ಊಟವನ್ನು ಬರೀ ಮುಗಿಸುತ್ತಿದ್ದಳು. ಈಗ ಹೊಟ್ಟೆ ಸುಡುತ್ತಿತ್ತು. ಸಿದ್ದಮ್ಮ ಒಳಗೆ ಹೋಗಿ ಆರಿದ ಮುದ್ದೆ, ಬಸ್ಸಾರು ತಂದು ಇಟ್ಟಳು. ಕೇಳದೆಯೇ ಇನ್ನೊಂದು ಅರ್ಧ ಮುದ್ದೆ ಹಾಕಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ‘ಆ ಫೋನ್ನಲ್ಲಿ ಇಷ್ಟೇ ಇಷ್ಟ್ ಬತ್ತದೆ. ಆ ಮಾಗಡಿ ಮೇಷ್ಟ್ರು ಏನಂದ್ರು ಅದ್ಕೆ? ಮೊದ್ಲಿಂದ ಯೋಳು.’

ಭಾನುಪ್ರಿಯ ತುತ್ತು ನುಂಗುತ್ತ ಹೇಳಿದಳು. ಹಿಮ ಕರಗಿದ್ದು, ಕಡಲು ಏರಿದ್ದು, ಭೂಮಿಯ ಜ್ವರ, ಹೆದ್ದಾರಿಯ ಕಾರುಗಳು, ಎರಡು ಹಸು ಕಟ್ಟಿದವನು. ಅನಂತರಾಜು ಹೇಳಿದ್ದನ್ನು ಒಂದೂ ಬಿಡದೆ, ಅವರ ದನಿ ತೆಗೆಯದೆ, ತನ್ನ ದನಿಯಲ್ಲೇ ಹೇಳಿದಳು. ಸಿದ್ದಮ್ಮ ಗಲ್ಲಕ್ಕೆ ಕೈ ಕೊಟ್ಟು ಕೇಳಿ, ತಲೆದೂಗಿದಳು.

‘ಸರ್ಯಾಗೇ ಯೋಳವ್ರಲ್ಲ ಆ ಯಪ್ಪ! ಕಾರ್ನೋರ್ನ ಕೇಳೋರಿಲ್ಲ, ನಮ್ಮ ಅಸಿನ್ ತಾವ ಯಾಕ್ ಬತ್ತೀರಿ? ನಾನಾಗಿದ್ರೂ ಅವ್ರಿಗೇ ಚಪ್ಪಾಳೆ ಹೊಡೀತಿದ್ದೆ.’

‘ಅರ್ಧ ಸರಿ ಅತ್ತೆ. ಕಾರಿನ ಮಾತು ಪೂರ್ತಿ ಸರಿ. ಆ ಜ್ವರದ ಮಾತು ಇದೆಯಲ್ಲ, ಅಲ್ಲೇ ಅವರು ತಪ್ಪಿದ್ದು’ ಎಂದು ಭಾನುಪ್ರಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಹತ್ತಿರಕ್ಕೆ ಜರುಗಿ ಕೂತಳು.